ಕೆಂಪು ಕಿರಣದ ಸಾಕ್ಷಿ

ನೆರೆಯ ಗೆಲಾಕ್ಸಿಯ ಹರೆಯದ ನಕ್ಷತ್ರವೊಂದರಿಂದ ಹೊರಟ ಕೆಂಪು ಕಿರಣ, ಭೂಮಿಯ ದೂರದರ್ಶಕವೊಂದರ ಕನ್ನಡಿಯ ಮೇಲೆ ಒಂಟಿಯಾಗಿ ಬಂದು ಬಿತ್ತು.

"ಹರೆಯದ ನಕ್ಷತ್ರದ ಬೆಳಕು ನೀಲಿ. ನೀನೋ ಕೆಂಪು, ಅದೂ ಮಂಕು. ಅಂದಮೇಲೆ ನಿನ್ನ ತಾಯಿ ಮುದುಕಿ," ಎಂದು ಕನ್ನಡಿ ತೀರ್ಪು ಕೊಟ್ಟಿತು.

ಕಿರಣ ತಬ್ಬಿಬ್ಬಾಯಿತು. "ಇಲ್ಲ ಸ್ವಾಮಿ, ಅಮ್ಮ ಇನ್ನೂ ಹರೆಯದವಳು. ನನ್ನ ಜೊತೆ ನೀಲಿ ಅಣ್ಣಂದಿರು ಬಹಳ ಮಂದಿ ಹೊರಟಿದ್ದರು. ದಾರಿಯ ಧೂಳು ಅವರನ್ನು ನುಂಗಿತು."

"ಬಂದವನು ನೀನೊಬ್ಬನೇ. ಬಾರದವರ ಮಾತು ಯಾಕೆ?"

ಅಣ್ಣಂದಿರು ನಿಜವಾಗಿ ಇದ್ದರೋ ಇಲ್ಲವೋ ಎಂದು ಕಿರಣಕ್ಕೇ ಅನುಮಾನ ಶುರುವಾಯಿತು. ಅಷ್ಟರಲ್ಲಿ ಕಣ್ಣಿಗೆ ಕಾಣದ ಬಿಸುಪೊಂದು ಪಕ್ಕಕ್ಕೆ ಬಂದು ಕೂತಿತು.

"ತಮ್ಮಾ, ಗುರುತು ಸಿಗಲಿಲ್ಲವೇ? ನಮ್ಮನ್ನು ನುಂಗಿ ಧೂಳು ಬಿಸಿಯಾಯಿತು. ಆ ಬಿಸಿಯೇ ನಾನು."

"ಹಾಗಾದರೆ ನೀನು ಅಣ್ಣನೋ, ಧೂಳೋ?"

"ಅದು ನನಗೂ ತಿಳಿಯದು. ಅಮ್ಮ ಮುದುಕಿಯಲ್ಲ ಎನ್ನಲು ಇನ್ನೊಬ್ಬರು ಬೇಕಿತ್ತು, ಬಂದೆ."