ಏಡಿ ಕಾಯುತ್ತಿದ್ದ ಕಲ್ಲು

ನೀರು ಗುರುತಿನ ಕಲ್ಲಿನಿಂದ ಕೆಳಗಿಳಿದ ದಿನವೇ ಮೀನುಗಳು ಕಾಲುವೆ ಹಿಡಿದು ಹೊಳೆ ಸೇರಬೇಕೆಂಬುದು ಆ ಕೆರೆಯ ಕಟ್ಟಳೆ. ಕಲ್ಲಿನ ಕಾವಲು ಏಡಿಯದು. ಮೀನುಗಳು ಕೆರೆಯಲ್ಲಿರುವಷ್ಟು ದಿನ ಅದಕ್ಕೆ ಬಿಟ್ಟಿ ಊಟ. ನೀರು ಇಳಿದಂತೆಲ್ಲ ಅದು ಕಲ್ಲನ್ನೂ ಕೆಳಗೆ ಸರಿಸಿತು. ಹಿರಿಯ ಮೀನುಗಳು ವಾರಕ್ಕೊಮ್ಮೆ ಬಂದು, "ನೀರು ಕಲ್ಲು ಮುಟ್ಟಿದೆ" ಎಂದು ಒಪ್ಪಿ ಹೋದವು.

ಕಪ್ಪೆ ಎಚ್ಚರಿಸಿತು: "ಹೋದ ತಿಂಗಳು ನಾನು ಈಜಿದ ಮೆಟ್ಟಿಲಿನ ಮೇಲೆ ಈಗ ಬಿಸಿಲು ಕಾಯಿಸುತ್ತಿದ್ದೇನೆ. ಕಲ್ಲು ಬಿಡಿ, ದಡ ನೋಡಿ."

"ಏಡಿಯವರನ್ನು ನೇಮಿಸಿದ್ದು ನಾವು. ಈಗ ಅನುಮಾನಪಟ್ಟರೆ ನಮ್ಮ ಮರ್ಯಾದೆ ಏನಾದೀತು?" ಎಂದಿತು ಹಿರಿಯ ಮೀನು.

ಮರುವಾರ ಕಾಲುವೆ ಒಣಗಿತು. ಕೆಸರಿನಲ್ಲಿ ಹೊರಳುತ್ತ ಅದೇ ಮೀನು ಕೇಳಿತು: "ಇನ್ನು ಎಲ್ಲಿಗೆ ಹೋಗೋಣ?"

"ನೀರು ಇನ್ನೂ ಕಲ್ಲು ಮುಟ್ಟುತ್ತಿದೆಯಲ್ಲ" ಎಂದು ಏಡಿ ದಡ ಹತ್ತಿ ಪಕ್ಕದ ಕೆರೆಗೆ ನಡೆಯಿತು. ಅಲ್ಲಿನ ಮೀನುಗಳು ಕಾವಲಿಗೆ ಅನುಭವಸ್ಥರನ್ನು ಹುಡುಕುತ್ತಿದ್ದವು.