ಸಣ್ಣಮ್ಮನ ಸಾರು, ಮಾಯಿಗನ ಡಿಕ್ಕಿ

ನಗೋರೆಲ್ಲ ಮುಂದಕ್ಕೆ ಬನ್ನಿ. ಬಾಯಲ್ಲಿ ಎಲೆಅಡಿಕೆ ಇರೋರು ಮೊದ್ಲು ಉಗುದು ಬನ್ನಿ. ಆಮೇಲೆ ಪಕ್ಕದೋರ ಅಂಗಿ ಕೆಂಪಾದ್ರೆ ನನ್ನ ಕೇಳ್ಬೇಡಿ.

ದಿಣ್ಣೆ ಮೇಲಿನ ಮನೆ ಸಣ್ಣಮ್ಮ ಅಂದ್ರೆ ಸಾರಿಗೆ ಹೆಸರು. ಊರಲ್ಲಿ ಯಾರ ಬೀಗರೂಟ ಆದ್ರೂ ಕೊಳಗದ ತುಂಬ ಅವಳದೇ ಸಾರು. ಅವಳ ಮಗ ಮಾಯಿಗ ಅಂದ್ರೆ ಪೆದ್ದುತನಕ್ಕೆ ಹೆಸರು. ಹೇಳಿದ್ದನ್ನ ಹೇಳಿದಂಗೇ ಮಾಡೋನು, ಒಂದಕ್ಷರ ಹೆಚ್ಚಿಲ್ಲ, ಒಂದಕ್ಷರ ಕಮ್ಮಿಯಿಲ್ಲ. ಆದ್ರೂ ಕಾರು ಓಡಿಸೋದು ಬರ್ತಿತ್ತು ನೋಡಿ, ದೇವರಿಗೂ ತಮಾಷೆ ಬೇಕಲ್ಲ! ಸಣ್ಣಮ್ಮಂಗೆ ಅದು ಬರ್ತಿರಲಿಲ್ಲ, ಅದಕ್ಕೇ ಸಾರಿನ ಕೊಳಗ ಮನೆ ಕಾರಿನ ಡಿಕ್ಕೀಲಿಟ್ಟು ಇವನೇ ಓಡಿಸ್ಕಂಡು ಹೋಗ್ತಿದ್ದ.

"ಕೇಳ್ಕಂಡು ಬಂದೋರಿಗೆ ಇಲ್ಲ ಅನ್ಬಾರದು ಕಣ್ಲಾ" ಅಂದಿದ್ಲು ಒಂದಿನ. ದಾರೀಲಿ ಹೋಗೋನೊಬ್ಬ ಬಂದು "ಸ್ಟೆಪ್ನಿ ಐತೇನಪ್ಪ?" ಅಂದ. ಮಾಯಿಗ ಇಲ್ಲ ಅನ್ನಲಿಲ್ಲ. ಡಿಕ್ಕಿ ತೆಗೆದು, ಟೈರು ಕೊಟ್ಟು, ಕೈ ಮುಗಿದು ಕಳಿಸಿದ.

ಅವತ್ತಿಂದ, ಸ್ಟೆಪ್ನಿ ಮೇಲೆ ಕೂತಿದ್ದ ಡಿಕ್ಕಿ ಹಲಗೆಗೆ ಕೆಳಗೆ ದಿಕ್ಕಿಲ್ಲ. ಕೊಳಗ ಇಟ್ಟರೆ ಹಲಗೆ ಜಗ್ಗೋದು, ಹಲಗೆ ಜಗ್ಗಿದ್ರೆ ಕೊಳಗ ವಾಲೋದು, ಕೊಳಗ ವಾಲಿದ್ರೆ ಸಾರು ಚೆಲ್ಲೋದು. ಹೋದ ವಾರ ನಾಮಕರಣದ ಮನೇಲಿ ಜನ ಬರೀ ಮುದ್ದೆ ನುಂಗಿ, ಸಣ್ಣಮ್ಮನ ವಂಶಾನೆಲ್ಲ ಹೊಗಳಿ ಎದ್ದಿದ್ರು.

ಇವತ್ತು ದಿಣ್ಣೆ ಕೆಳಗಿನ ಛತ್ರದಲ್ಲಿ ಪಟೇಲರ ಮನೆ ಬೀಗರೂಟ. "ಇವತ್ತೂ ಚೆಲ್ಲಿದ್ರೆ ನನ್ನ ಸಾರು ನಾಯೀನೂ ಮೂಸಲ್ಲ! ಏಳ್ಲಾ! ಸ್ಟೆಪ್ನಿ ಇದ್ದ ಜಾಗ ಹಳ್ಳ ಬಿದ್ದೈತೆ. ಆ ಹಳ್ಳ ತುಂಬ್ಸು!"

"ಆಗ್ಲಿ ಕಣವ್ವ!"

ಬಿಂದಿಗೆ ಮೇಲೆ ಬಿಂದಿಗೆ ನೀರು ತಂದು ಸುರಿದ. ಸಣ್ಣಮ್ಮ ಬಂದು ನೋಡಿದ್ರೆ, ಡಿಕ್ಕೀಲಿ ಹಲಗೆ ತೇಲ್ತಾ ಐತೆ!

"ಏನ್ಲಾ ಇದು?"

"ಹಳ್ಳ ತುಂಬೈತೆ ಕಣವ್ವ! ಹಳ್ಳ ನೀರಲ್ಲಿ ತುಂಬ್ದೆ ಇನ್ಯಾತರಲ್ಲಿ ತುಂಬ್ತದೆ?"

"ಅಯ್ಯೋ ನನ್ನ ಕರ್ಮವೇ! ನೀರಲ್ಲ ಕಣೋ, ಗಟ್ಟಿ ಇರೋದು ಹಾಕ್ಬೇಕು!"

"ಅಂಗಂತ ಮೊದ್ಲೇ ಹೇಳ್ಬಾರದಾ!"

ನೀರು ಮೊಗೆದು ಚೆಲ್ಲಿ, ಮನೇಲಿ ಗಟ್ಟಿ ಇರೋದು ಯಾವ್ದಪ್ಪಾ ಅಂತ ಯೋಚಿಸಿದ. ಅವ್ವ ಬಂದೋರಿಗೆಲ್ಲ ಹೇಳ್ತಿದ್ದದ್ದು ಜ್ಞಾಪಕ ಬಂತು. "ನಮ್ಮನೆ ಮೊಸರು ಅಂದ್ರೆ ಗಟ್ಟಿ, ಗಡಿಗೆ ಮಗುಚಿದ್ರೂ ಬೀಳಲ್ಲ!" ಗಡಿಗೆ ತಂದು ಮಗುಚಿದ. ಬಿತ್ತು!

"ಅವ್ವಾ, ನೀನು ಸುಳ್ಳು ಹೇಳ್ತಿದ್ದೆ ಕಣವ್ವ!"

ಸಣ್ಣಮ್ಮ ಪೊರಕೆ ಹಿಡಿದು ಕಾರಿನ ಸುತ್ತ ಅಟ್ಟಾಡಿಸಿದ್ಲು. "ಮೊಸರು ಹಾಕ್ತಾರೇನ್ಲಾ ಬಡ್ಡೆತ್ತದೆ! ನಾಕು ಕಾಲಿರೋದು ಏನಾದ್ರೂ ಕೆಳಗಿಟ್ಟು ಆಸರೆ ಕೊಡೋ!"

"ಅಂಗಂತ ಮೊದ್ಲೇ ಹೇಳ್ಬಾರದಾ!"

ಮೊಸರು ಬಳಿದು ಹಾಕಿ ಹೋದ, ಬಂದ. ಹಲಗೆ ಈಗ ಮಟ್ಟಸ. ಸಣ್ಣಮ್ಮಂಗೂ ಸಮಾಧಾನ. ಸಾರು ಇಡೋ ಮೊದ್ಲು ಪರೀಕ್ಷೆ ಮಾಡೋಣ ಅಂತ ಹಲಗೆ ಮೇಲೆ ಒಂದು ಕೊಡ ನೀರಿಟ್ಟು ಬಗ್ಗಿ ನೋಡಿದ್ಲು. ಕೆಳಗಿಂದ "ಮ್ಯಾ!" ಅಂತು. ಹಲಗೆ ಎದ್ದು ನಿಂತ್ಕಂತು. ಕೊಡ ಸಣ್ಣಮ್ಮನ ತಲೆ ಮೇಲೆ!

"ಮೇಕೆ ಇಟ್ಟಿದ್ದೀಯೇನ್ಲಾ!"

"ನಾಕು ಕಾಲೈತೆ ಕಣವ್ವ, ಬೇಕಾದ್ರೆ ಎಣಿಸ್ಕೋ!"

ಅಷ್ಟೊತ್ತಿಗೆ ಛತ್ರದಲ್ಲಿ ಎಲೆ ಹಾಕ್ತಾವ್ರೆ ಅಂತ ಸುದ್ದಿ ಬಂತು. ಸಣ್ಣಮ್ಮ ಮೇಕೆ ಇಳಿಸಿ ಓಡಿಸಿ, ಅಕ್ಕಪಕ್ಕದೋರನ್ನ ಕರೆದು ಕೊಳಗ ಎತ್ತಿಸಿ ಇಡಿಸಿದ್ಲು. ಹಲಗೆ ಜಗ್ಗೇ ಜಗ್ಗಿತು. ಅಳು ಬಂತು ಅವಳಿಗೆ. "ಕೂಗಿದ್ರೂ ಉಸಿರು ಬಿಡದೆ, ಕುಲುಕಿದ್ರೂ ಕದಲದೆ ಇರೋದು ಇಡ್ಬೇಕು ಕಣ್ಲಾ! ಒಂದ್ಸಲ, ಒಂದೇ ಒಂದ್ಸಲ ನಿನ್ನ ತಲೆ ಉಪಯೋಗಿಸೋ! ಚಕ್ರದ ಕೆಳಗಿನ ಕಲ್ಲು ತೆಗಿ, ಡಿಕ್ಕಿ ಹಾಕು. ಒದ್ದೆ ಸೀರೆ ಬದಲಾಯಿಸ್ಕಂಡು ಬಂದೆ."

ಮಾಯಿಗ ಕಲ್ಲು ತೆಗೆದ. ಡಿಕ್ಕಿ ಹಾಕಿದ. ತಲೆ...?

ಸಣ್ಣಮ್ಮ ಬಂದು ಮುಂದೆ ಕೂತ್ಲು. ಪಕ್ಕದಲ್ಲಿ ಮಗ ಇಲ್ಲ! "ಮಾಯಿಗಾ! ಲೋ ಮಾಯಿಗಾ!" ಉಸಿರಿಲ್ಲ. ಹಾರನ್ ಒತ್ತಿದ್ಲು. ಉಸಿರಿಲ್ಲ. ಸಿಟ್ಟಲ್ಲಿ ಕೈಗೆ ಸಿಕ್ಕ ಗೇರು ಹಿಡಿದು ಜಗ್ಗಿದ್ಲು ನೋಡಿ, ಕಾರು ದಿಣ್ಣೆ ಇಳಿಯೋಕೆ ಹತ್ತಿತು! ಕೋಳಿ ಹಾರಿದ್ವು, ನಾಯಿ ಓಡಿದ್ವು, ಛತ್ರದ ಗೋಡೆ ಎದುರಿಗೇ ಬಂತು.

"ಅಯ್ಯಯ್ಯೋ! ಡಿಕ್ಕಿ! ಡಿಕ್ಕಿ! ಡಿಕ್ಕಿ ಕಣ್ಲೋ!"

ಹೆಸರು ಕೂಗಿದ್ರೆ ಸುಮ್ನಿರಬೌದು, ಡಿಕ್ಕಿ ವಿಚಾರ ಕೇಳಿದ್ರೆ ಹೇಳ್ದೆ ಇರಕಾಯ್ತದಾ? ಹಿಂದಿನಿಂದ ಸಂತೋಷದ ದನಿ ಬಂತು. "ಡಿಕ್ಕಿ ಚೆನ್ನಾಗೈತೆ ಕಣವ್ವ! ಒಂಚೂರೂ ಜಗ್ಗಿಲ್ಲ!"

ಗೋಡೆ ತಪ್ಪಿ, ಕಾರು ಪಕ್ಕದ ಹುಲ್ಲಿನ ಮೆದೆಗೆ ನುಗ್ಗಿ ನಿಂತ್ಕಂತು. ಜನ ಓಡಿ ಬಂದು ಡಿಕ್ಕಿ ತೆಗೆದ್ರು. ಹಲಗೆ ಮಟ್ಟಸ! ಒಂದು ಹನಿ ಸಾರು ಚೆಲ್ಲಿಲ್ಲ! ಕೊಳಗ ಇಳಿಸಿ ಹಲಗೆ ಎತ್ತಿದ್ರೆ, ಹಿಂದಿನ ಸೀಟು ಮಡಿಚಿ ಒಳಗೆ ತೂರಿದ್ದ ಮಾಯಿಗ, ಹಳ್ಳದಲ್ಲಿ ಸುತ್ಕಂಡು ಕೂತವ್ನೆ. ತಲೇನ ಪೂರ್ತಿ ಉಪಯೋಗಿಸವ್ನೆ, ನೆತ್ತಿ ಮೇಲೆ ಹಲಗೆ ಗುರುತು!

ಸಣ್ಣಮ್ಮಂಗೆ ಹೊಡಿಬೇಕೋ ಮುದ್ದಾಡ್ಬೇಕೋ ತಿಳೀಲಿಲ್ಲ. "ಮಾನ ಉಳಿಸ್ದೆ ಕಣ್ಲಾ! ಈಚೆ ಬಾ, ಸಾರು ಬಡಿಸ್ತಾವ್ರೆ!"

"ಬರಕ್ಕಿಲ್ಲ ಕಣವ್ವ. ಪಂಚರ್ ಆಗ್ದೆ ಸ್ಟೆಪ್ನಿ ಈಚೆಗೆ ಬರ್ತದಾ?"

ಬೈದ್ರೂ ಬರಲಿಲ್ಲ, ಎಳೆದ್ರೂ ಬರಲಿಲ್ಲ. ಕೊನೆಗೆ ಪಟೇಲರೇ ಮುಂದಿನ ಚಕ್ರದ ಗಾಳಿ ಬಿಟ್ರು. ಸುಯ್ಯ್!

ತಕ್ಷಣ ಎದ್ದು ಬಂದ ಮಾಯಿಗ. ಊಟಕ್ಕಲ್ಲ ಸ್ವಾಮಿ! ನೆಟ್ಟಗೆ ಹೋಗಿ ಆ ಚಕ್ರದ ಪಕ್ಕ ಮುದುರಿ ಮಲಗಿ ಕೂಗಿದ.

"ಆ ಟೈರು ಬಿಚ್ಚಿ, ಬೇಗ ನನ್ನ ಹಾಕ್ರಪ್ಪೋ! ನಟ್ಟು ಮಾತ್ರ ಮೆತ್ತಗೆ ಬಿಗಿಮಾಡಿ!"