ದಿಬ್ಬದ ಮೇಲಿನ ಪರದೇಶಿ ಗೋರಿ

"ಗುರುಗಳೇ, ಸತ್ತವನು ಎಲ್ಲೋ ಕಡಲಾಚೆಯ ಮಣ್ಣಿನಲ್ಲಿದ್ದಾನೆ. ಇಲ್ಲಿ ಕೂತು ನಾವು ನೆನೆದರೆ ಅದು ಅವನಿಗೆ ಮುಟ್ಟುವುದೇ?" ಎಂದು ಶಿಷ್ಯನೊಬ್ಬ ಕೇಳಿದ.

ಗುರು ಈ ಕತೆ ಹೇಳಿದರು.

ಕೋಟೆಯಿದ್ದ ಒಂದು ಊರಿನಲ್ಲಿ ಕಂಬಳಿ ನೇಯುವವಳೊಬ್ಬಳಿದ್ದಳು. ತಾಯಿಯಿಲ್ಲದ ತಮ್ಮನನ್ನು ಅವಳೇ ಎತ್ತಿ ಆಡಿಸಿ ಬೆಳೆಸಿದ್ದಳು. ಅವನ ಹೆಸರು ಮೈಲಾರಿ. ಎಂಥ ಹುಚ್ಚು ಕುದುರೆಯೂ ಅವನ ಕೈಗೆ ಬಂದರೆ ತಲೆ ತಗ್ಗಿಸುತ್ತಿತ್ತು. ಅದನ್ನು ಕಂಡು ಅರಸರ ಕುದುರೆ ಪಡೆಯವರು ಅವನನ್ನು ಸೇರಿಸಿಕೊಂಡರು. ಯುದ್ಧ ಬಂತು. ಮೀಸೆ ಸರಿಯಾಗಿ ಚಿಗುರುವ ಮೊದಲೇ ಅವನು ಹಡಗು ಹತ್ತಿದ.

ಮರುವರ್ಷ ಅವನ ಜೊತೆಗಾರನೊಬ್ಬ ಕುಂಟುತ್ತ ಬಂದು ಬಾಗಿಲಲ್ಲಿ ನಿಂತ.

"ಅಕ್ಕಾ, ಮೈಲಾರಿ ಇನ್ನು ಬರುವುದಿಲ್ಲ. ಮರಳುನಾಡಿನ ಒಂದು ಹಳ್ಳಿಯ ಪಕ್ಕದಲ್ಲಿ ಮಣ್ಣು ಮಾಡಿದೆವು. ನೀನು ಕೊಟ್ಟ ಕಂಬಳಿಯನ್ನೇ ಹೊದಿಸಿದೆವು. ಮರುದಿನ ದಂಡು ಮುಂದಕ್ಕೆ ಹೊರಟುಬಿಟ್ಟಿತು."

"ಈಗ ಅವನ ಹತ್ತಿರ ಯಾರಿದ್ದಾರಪ್ಪಾ?"

"ನಾವು ಯಾರ ಮೇಲೆ ದಂಡೆತ್ತಿ ಹೋಗಿದ್ದೆವೋ ಆ ಜನ ಇದ್ದಾರೆ."

ಬಂಧುಬಳಗದವರು ಬಂದು ಅತ್ತರು. ಕೊನೆಗೆ, "ಕಣ್ಣಿಗೆ ಕಾಣದ ಗೋರಿಗೆ ಎಡೆ ಇಡುವುದಾದರೂ ಎಲ್ಲಿ? ಮನಸ್ಸು ಗಟ್ಟಿ ಮಾಡಿಕೊಂಡು ಮರೆತುಬಿಡು" ಎಂದರು. ಅವಳು ಮನಸ್ಸು ಗಟ್ಟಿ ಮಾಡಿಕೊಂಡಳು. ಮರೆಯಲಿಲ್ಲ.

ಕೋಟೆಯ ಹೊರಗಿನ ದಿಬ್ಬದ ಮೇಲೆ ಪರದೇಶಿ ಸಿಪಾಯಿಗಳ ಗೋರಿಗಳಿದ್ದವು. ಹಿಂದೆ ಕೋಟೆಗೆ ಮುತ್ತಿಗೆ ಹಾಕಲು ಬಂದು ಸತ್ತವರು ಅವರು. ಅತ್ತ ಯಾರೂ ಹೋಗುತ್ತಿರಲಿಲ್ಲ. ಒಂದು ಬೆಳಿಗ್ಗೆ ಅವಳು ಕುಡುಗೋಲು ಹಿಡಿದು ದಿಬ್ಬ ಹತ್ತಿದಳು. ಅಂಚಿನಲ್ಲಿದ್ದ ಒಂದು ಗೋರಿ ಚಿಕ್ಕ ಪ್ರಾಯದ ಸಿಪಾಯಿಯದೆಂದು ಹಿರಿಯರು ಹೇಳುತ್ತಿದ್ದುದನ್ನು ಕೇಳಿದ್ದಳು. ಅದರ ಮೇಲಿನ ಮುಳ್ಳುಕಂಟಿ ಕಡಿದಳು, ಗುಡಿಸಿದಳು, ನೀರು ಚಿಮುಕಿಸಿದಳು. ಹಣೆ ಮುಟ್ಟಿ ಸವರುವಂತೆ ಕಲ್ಲನ್ನು ಒಮ್ಮೆ ಸವರಿದಳು. ತಮ್ಮನ ಹೆಸರು ಹಿಡಿದು ಕರೆದಳು. ಸುದ್ದಿ ಬಂದ ಮೇಲೆ ಅವಳಿಗೆ ಅಳು ಬಂದದ್ದು ಅಂದೇ ಮೊದಲು.

ವಾರಕ್ಕೊಮ್ಮೆ ಹೀಗೆ ನಡೆಯಿತು. ಊರಿನ ಕಿವಿಗೆ ಬಿತ್ತು. ಊರ ಯಜಮಾನ ಅವಳನ್ನು ಚಾವಡಿಗೆ ಕರೆಸಿದ.

"ಏನವ್ವಾ, ಅವರ ಗುಂಡಿಗೆ ನಮ್ಮ ಮುತ್ತಜ್ಜಂದಿರು ಸತ್ತರು. ಹಗೆಯ ಗೋರಿಗೆ ನೀರೆರೆಯುತ್ತೀಯಲ್ಲ, ನಿನಗೆ ತಲೆ ನೆಟ್ಟಗಿದೆಯೇ?"

ಅವಳು ಸೆರಗು ಬಿಗಿದು ನಿಂತು ಹೇಳಿದಳು: "ನನ್ನ ತಮ್ಮ ಮಲಗಿರುವ ಊರಿಗೆ ಅವನೂ ಹಗೆಯೇ, ಯಜಮಾನರೇ. ಆ ಊರಿನವರು ಅವನಿಗೆ ಏನು ಮಾಡಲಿ ಎಂದು ಬೇಡಿಕೊಳ್ಳುತ್ತೇನೋ, ಅದನ್ನು ಇಲ್ಲಿ ನಾನು ಮಾಡುತ್ತಿದ್ದೇನೆ. ಬೇಕಾದರೆ ನನ್ನನ್ನು ಹೊರಗಿಡಿ. ಕುಡುಗೋಲು ಮಾತ್ರ ಕೆಳಗಿಡುವುದಿಲ್ಲ."

ಹೊರಗಿಟ್ಟರು. ಅವಳ ಒಲೆಗೆ ಕೆಂಡ ಕೊಡುವವರಿಲ್ಲ, ಅವಳ ಕಂಬಳಿ ಕೊಳ್ಳುವವರಿಲ್ಲ. ಕಂಬಳಿಗಳನ್ನು ತಲೆಯ ಮೇಲೆ ಹೊತ್ತು ಪರ ಊರಿನ ಸಂತೆಗಳಿಗೆ ನಡೆದಳು. ಜ್ವರ ಬಂದಾಗ ಒಂದು ಗುಟುಕು ಗಂಜಿ ಕಾಸಿ ಕೊಡುವವರೂ ಇರಲಿಲ್ಲ. ಜ್ವರ ಇಳಿದ ಕೂಡಲೇ ಗೋಡೆ ಹಿಡಿದು ಎದ್ದು ದಿಬ್ಬಕ್ಕೆ ಹೋದಳು.

ಅಲ್ಲಿ ಯಜಮಾನನ ಹೆಂಡತಿ ನಿಂತಿದ್ದಳು. ಅವಳ ಮಗನೂ ಅದೇ ಹಡಗಿನಲ್ಲಿ ಹೋಗಿದ್ದ. ಅವನ ಸುದ್ದಿಯೇ ಬಂದಿರಲಿಲ್ಲ. ಕೈಯಲ್ಲಿ ಕೊಡ ಹಿಡಿದಿದ್ದಳು.

"ಯಾವ ಗೋರಿಗೆ ಹಾಕಲಿ ತಂಗೀ?" ಎಂದು ಕೇಳಿದಳು.

"ಯಾವುದಕ್ಕಾದರೂ ಹಾಕಿ, ಅಮ್ಮಾ."

ಗುರು ಕತೆಯನ್ನು ಇಲ್ಲಿಗೆ ನಿಲ್ಲಿಸಿದರು. ಶಿಷ್ಯನಿಗೆ ತಡೆಯಲಾಗಲಿಲ್ಲ.

"ಹಾಗಾದರೆ ಗುರುಗಳೇ, ಆ ಮರಳುನಾಡಿನಲ್ಲಿ ಮೈಲಾರಿಯ ಗೋರಿಯನ್ನು ಯಾರಾದರೂ ಗುಡಿಸಿದರೇ?"

"ದಿಬ್ಬದ ಮೇಲೆ ಮಲಗಿದ್ದ ಹುಡುಗನ ಅಕ್ಕನೂ ತನ್ನ ಊರಿನಲ್ಲಿ ಕೂತು ಇದನ್ನೇ ಕೇಳಿರಬೇಕು" ಎಂದರು ಗುರು.